ಓದು ಎಲ್ಲಿಗೂ ಓಡಿ ಹೋಗುದಿಲ್ಲ ಅಂದಿದ್ದೆ

ಇದನ್ನು ಬರೆಯೋಕೆ ನಾಚಿಕೆ ಇದೆ, ಆದರೂ ಬರಿತೇನೆ.

ಇಂಗ್ಲೆಂಡಲ್ಲಿ ಎಂ.ಎಸ್ಸಿ. ಓದ್ತಿದ್ದ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿದ. "ಮಾಮ, ನಂಗ್ ಆತಿಲ್ಲೆ. ನಿದ್ರಿ ಬತ್ತಿಲ್ಲೆ. ಆರ್ ತಿಂಗ್ಳ್ ಓದ್ ನಿಲ್ಸ್ತೆ." ನಾನು ಹಿಂದೆ ಮುಂದೆ ನೋಡಲಿಲ್ಲ. "ಬಾ ಮಗಾ, ಓದ್ ಎಲ್ಲಿಗೂ ಓಡಿ ಹೋತಿಲ್ಲೆ" ಅಂದೆ. ಅಪ್ಪ ತೀರಿಕೊಂಡಾಗ ನಾನೇ ಒಂದು ವರ್ಷ ಡಿಗ್ರಿ ಬಿಟ್ಟು ಮತ್ತೆ ಸೇರಿದವ. ಪ್ರಿನ್ಸಿಪಾಲರಿಗೆ ಒಂದು ಅರ್ಜಿ, ಅಷ್ಟೇ ಆಗಿತ್ತು.

ಓದು ಓಡಿ ಹೋಗಲಿಲ್ಲ. ವೀಸಾ ಹೋಯಿತು.

ಅಲ್ಲಿ ವಿದ್ಯಾರ್ಥಿ ವೀಸಾಕ್ಕೆ ವಿಶ್ವವಿದ್ಯಾಲಯವೇ ಜಾಮೀನು ಇದ್ದ ಹಾಗೆ. ಓದು ನಿಂತರೆ ಅವರು ಹೋಮ್ ಆಫೀಸಿಗೆ ತಿಳಿಸಲೇಬೇಕು. ಆಮೇಲೆ ವೀಸಾ ಮೊಟಕು. ಸಾಮಾನ್ಯವಾಗಿ 60 ದಿನದೊಳಗೆ ಹೊರಡಬೇಕು. ಬಿಡುವು 60 ದಿನಕ್ಕಿಂತ ಕಡಿಮೆ ಇದ್ದರೆ ಅವರು ಜಾಮೀನು ಮುಂದುವರಿಸಬಹುದು. ಪರೀಕ್ಷೆ ಮುಂದೂಡಲೂ ಕೇಳಬಹುದಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಅವನು ಸಹಿ ಹಾಕಿದ ಮೇಲೆ. ಅಮೆರಿಕದಲ್ಲಿ ಇನ್ನೂ ಬಿಗಿ: ಅನುಮತಿ ಪಡೆದು ಬಿಟ್ಟರೂ ಹೊರಡಲು 15 ದಿನ, ಅನುಮತಿ ಇಲ್ಲದಿದ್ದರೆ ಅದೂ ಇಲ್ಲ.

ಬಾಬಾಸಾಹೇಬರ ಓದೂ ನಿಂತಿತ್ತಲ್ಲ. ಬರೋಡದ ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಲಂಡನ್ ಬಿಟ್ಟು ಬಂದರು. ನಾಲ್ಕು ವರ್ಷದೊಳಗೆ ಮರಳಿ ಓದಲು ವಿಶ್ವವಿದ್ಯಾಲಯ ಅನುಮತಿ ಕೊಟ್ಟಿತ್ತು. 1920ರಲ್ಲಿ ಹೋದದ್ದು ಕೂಡಿಟ್ಟ ದುಡ್ಡು, ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭತೇನಾ ಕೊಟ್ಟ ಸಾಲದಲ್ಲಿ. ಹಣದ ಕಷ್ಟ ಅವರಿಗೂ ಇತ್ತು. ಆದರೆ ಬ್ರಿಟಿಷ್ ಪ್ರಜೆಗೆ ಲಂಡನ್ನಿಗೆ ಹೋಗಲು ವೀಸಾ ಬೇಕಿರಲಿಲ್ಲ.

ನಮ್ಮ ಹುಡುಗನಿಗೆ ಈಗ ಹೊಸ ಪ್ರವೇಶ ಪತ್ರ, ಹೊಸ ಅರ್ಜಿ, ಹೊಸ ಶುಲ್ಕ, ವರ್ಷಕ್ಕೆ 776 ಪೌಂಡ್ ಆರೋಗ್ಯ ಸರ್‌ಚಾರ್ಜ್. ಮೇಲಿಂದ ಖರ್ಚಿನ ಹಣ ಸತತ 28 ದಿನ ಬ್ಯಾಂಕಲ್ಲಿ ಕದಲದೆ ಇರಬೇಕು. ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಅಕ್ಕ ಕೇಳಿದಳು, "ಅಷ್ಟ್ ದುಡ್ಡ್ ಮುಟ್ಟ್ದೇ ಇಟ್ಕಣ್ಕಾ?" ಸಾಲ ತಂದವರಿಗೆ 28 ದಿನದ ಬಡ್ಡಿಯೂ ಲೆಕ್ಕ. ಮೊದಲ ಸಲ ಮನೆ ಪತ್ರ ಅಡವಿಟ್ಟೆವು. ಎರಡನೇ ಸಲಕ್ಕೆ ಮನೆ ಒಂದೇ.

ಅವನು ಬಂದದ್ದಕ್ಕೆ ನನಗೆ ಬೇಸರ ಇಲ್ಲ. ಕೊಕ್ಕರ್ಣೆಗೆ ಬಂದ ಮೇಲೆ ನಿದ್ದೆ ಮಾಡ್ತಿದ್ದಾನೆ, ಅದು ದೊಡ್ಡದು. ಅಲ್ಲೇ ಇದ್ದು ಏನಾದರೂ ಮಾಡಿಕೊಂಡಿದ್ದರೆ? ಆದರೆ ಸಹಿ ಹಾಕುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಒಂದು ಮೇಲ್ ಹಾಕು ಅನ್ನಬೇಕಿತ್ತು ನಾನು. ನಿಮ್ಮ ಕಾಲನಿಯಿಂದ ಯಾರಾದರೂ ಹೊರಗೆ ಓದ್ತಿದ್ದರೆ ಅವರಿಗೆ ಇದನ್ನು ಕಳಿಸಿ.

ಊರವರು ಕೇಳಿದರೆ ಅಕ್ಕ ಈಗಲೂ "ರಜೆಯಲ್ ಬಂದದ್" ಅಂತಾಳೆ.