ಮುಂದಿನ ಪ್ರಶ್ನೆ



ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯಲ್ಲಿ 1921-22ರಲ್ಲಿ ಬಾಬಾಸಾಹೇಬರಿದ್ದ ಮನೆ ನೋಡಿದೆ. ಆ ಕಾಲದಲ್ಲೇ ಅವರು ಹೆಸರು ನೋಂದಾಯಿಸಿದ್ದ ಜರ್ಮನಿಯ ಬಾನ್ ವಿಶ್ವವಿದ್ಯಾಲಯವನ್ನೂ ನೋಡಬೇಕಿತ್ತು.

‘ವಿಮಾನದಲ್ಲಿ ಹೋಗಣ್ಣ, ಒಂದೂವರೆ ಗಂಟೆ ಅಷ್ಟೇ’ ಅಂದ್ರು ಹುಡುಗರು. ಲೆಕ್ಕ ಹಾಕಿದೆ. ಊರಾಚೆಯ ವಿಮಾನ ನಿಲ್ದಾಣ, ಎರಡು ಗಂಟೆ ಕಾಯೋದು, ಪುಸ್ತಕದ ಚೀಲಕ್ಕೆ ಬೇರೆ ದುಡ್ಡು. ರೈಲಾದರೆ ಊರ ನಡುವೆ ಹತ್ತಿ ಊರ ನಡುವೆಯೇ ಇಳಿಯಬಹುದು. ಸಮುದ್ರದಡಿಯ ಸುರಂಗ ದಾಟಿ ಬ್ರಸೆಲ್ಸ್‌ಗೆ ಎರಡು ಗಂಟೆ, ಕಲೋನ್‌ಗೆ ಇನ್ನೆರಡು, ಅಲ್ಲಿಂದ ಬಾನ್‌ಗೆ ಅರ್ಧ ಗಂಟೆ. ಕೊಳ್ಳೇಗಾಲಕ್ಕೆ ಇವತ್ತಿಗೂ ರೈಲಿಲ್ಲ. ಆ ಆಸೆಯೂ ಇತ್ತು. ರೈಲೇ ಹತ್ತಿದೆ.

ದಾರಿಯುದ್ದಕ್ಕೂ 1901ರ ಮಸೂರು ಸ್ಟೇಷನ್ನೇ ನೆನಪು. ರೈಲಿಳಿದ ಹುಡುಗ ಭೀಮರಾಯ ಜಾತಿ ಹೇಳಿದ್ದೇ ತಡ, ಸ್ಟೇಷನ್ ಮಾಸ್ಟರ್ ಮುಖ ತಿರುಗಿಸಿ ಹೋದ. ಗಾಡಿಯವರು ಮೈಲಿಗೆ ಅಂದ್ರು. ದುಪ್ಪಟ್ಟು ಬಾಡಿಗೆ ತೆತ್ತು ಮಕ್ಕಳೇ ಗಾಡಿ ಹೊಡೆದರು.

ನಮ್ಮ ರೈಲುಗಳಲ್ಲಿ ಈಗಲೂ ಎದುರು ಸೀಟಿನವರು ಮೊದಲು ಊರು ಕೇಳ್ತಾರೆ, ಆಮೇಲೆ ‘ನೀವು ಯಾವ ಜನ?’ ಅಂತಾರೆ. ಎಷ್ಟೋ ಸಲ ಬುತ್ತಿ ಬಿಚ್ಚದೆ ಇಳಿದಿದ್ದೀನಿ.

ಕಲೋನ್ ಹತ್ತಿರ ಎದುರಿಗಿದ್ದ ಅಜ್ಜಿ ‘ಯಾವೂರು?’ ಅಂದ್ಲು. ಮುಳ್ಳೂರು ಅಂದೆ. ಮುಂದಿನ ಪ್ರಶ್ನೆಗೆ ಎದೆ ಗಟ್ಟಿ ಮಾಡ್ಕೊಂಡು ಕೂತೆ.

ಅದು ಬರಲೇ ಇಲ್ಲ. ಬುತ್ತಿ ಬಿಚ್ಚಿದೆ.