ಹತ್ತೊಂಬತ್ತು ಸಾವಿರದ ಎಂಟುನೂರ ಅರವತ್ತು

ಸಿರುಗುಪ್ಪ ತಾಲ್ಲೂಕಿನ ಆ ಊರಲ್ಲಿ ಹಬ್ಬಿದ ಸುದ್ದಿ 'ಹುಡುಗಿಗೆ ಮೂರು ಲಕ್ಷದ ಕೆಲಸ' ಎಂದು. ಆಫರ್ ಲೆಟರಿನಲ್ಲಿ ಇದ್ದದ್ದು 2,88,000. ಉಳಿದದ್ದನ್ನು ಊರೇ ಸೇರಿಸಿತು. ಅಪ್ಪ ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 24,000 ಎಂದು ಮನಸ್ಸಿನಲ್ಲಿ ಇಟ್ಟುಕೊಂಡ. 2025ರ ಸೆಪ್ಟೆಂಬರ್ ಕೊನೆಗೆ ಅವಳ ಖಾತೆಗೆ ಬಿದ್ದದ್ದು 19,860 ರೂಪಾಯಿ. ಅದನ್ನು ಅವಳು ಮನೆಯಲ್ಲಿ ಹೇಳಲಿಲ್ಲ.

ಯಾರೂ ಮೋಸ ಮಾಡಿರಲಿಲ್ಲ. ಸಿಟಿಸಿ ಎಂಬುದು ಕಂಪನಿಗೆ ಆಗುವ ಖರ್ಚೇ ಹೊರತು ಕೈಗೆ ಬರುವ ಹಣವಲ್ಲ. ಮೂಲ ವೇತನ 12,000. ಅದರ ಶೇ. 12, ಅಂದರೆ 1,440, ಕಂಪನಿಯ ಪಾಲಿನ ಪಿಎಫ್. ಅದೂ ಆ 24,000ದೊಳಗೇ ಇದೆ. ಅಷ್ಟೇ ಮೊತ್ತ ಅವಳ ಪಾಲಿನದು, ಅದೂ ಹೋಯಿತು. ಗ್ರಾಚ್ಯುಟಿ ಎಂದು 577. ಐದು ವರ್ಷ ಮುಗಿಸಿದವರಿಗೆ ಸಿಗುವ ಹಣವನ್ನು, ಎರಡು ವರ್ಷ ನಿಲ್ಲುವುದೂ ಅನುಮಾನವಿರುವವರ ಸಂಬಳದಲ್ಲಿ ಎಣಿಸಿ ತೋರಿಸುವುದು ಜಾಣತನವೇ ಸರಿ. ವಿಮೆಗೆ 483. ಅವಳ ಪಾಲಿನ ಪಿಎಫ್ ಬಿಟ್ಟು ಉಳಿದವನ್ನು ಕಳೆದರೆ ಒಟ್ಟು ವೇತನ 21,500. ಇಎಸ್‌ಐ ಆಸ್ಪತ್ರೆಯ ಸೌಲಭ್ಯಕ್ಕೆ ಮಿತಿ 21,000, ಹಾಗಾಗಿ ಐನೂರು ರೂಪಾಯಿಯಲ್ಲಿ ಅದೂ ತಪ್ಪಿತು. ಕೊನೆಗೆ ವೃತ್ತಿ ತೆರಿಗೆ 200. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ಈ ತೆರಿಗೆ ಇಲ್ಲ. ಆಂಧ್ರದಲ್ಲಿ 20,000 ದಾಟಿದರೆ ತಿಂಗಳಿಗೆ 200.

ಕಚೇರಿ ಇರುವುದು ವಿಶಾಖಪಟ್ಟಣದ ರುಷಿಕೊಂಡದಲ್ಲಿ. ಅಲ್ಲಿನ ಪಿಜಿಗಳ ಬಾಡಿಗೆ ಕೇಳಿ, ಶ್ರೀಕಾಕುಳಂ ಕಡೆಯ ಸಹೋದ್ಯೋಗಿಯೊಬ್ಬಳ ಜೊತೆ ಸಮುದ್ರದ ದಂಡೆ ಹಿಡಿದು ಉತ್ತರಕ್ಕೆ ಹೋಗಿ ಭೀಮುನಿಪಟ್ಟಣದಲ್ಲಿ ಕೋಣೆ ಹಿಡಿದಳು. ಅಲ್ಲಿಯವರ ಬಾಯಲ್ಲಿ ಅದು ಭೀಮಿಲಿ. ಬಾಡಿಗೆ 7,000, ಅವಳ ಪಾಲು 3,500. ಬಳ್ಳಾರಿ ಸೀಮೆಯವಳಾದ್ದರಿಂದ ತೆಲುಗು ಗೊತ್ತು, ಚೌಕಾಸಿಗೆ ತೊಂದರೆಯಾಗಲಿಲ್ಲ.

ಬಸ್ಸಿನದೇ ಒಂದು ಕಥೆ. ಅವಳು ಸೇರಿದ ಆಗಸ್ಟ್ ತಿಂಗಳ 15ರಂದೇ ಆಂಧ್ರದಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ 'ಸ್ತ್ರೀ ಶಕ್ತಿ' ಶುರುವಾಯಿತು. ಅದು ಆ ರಾಜ್ಯದ ವಿಳಾಸ ಇರುವವರಿಗೆ ಮಾತ್ರ. ಗೆಳತಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು, ಪಕ್ಕದಲ್ಲೇ ಕೂತ ಇವಳಿಗೆ ದುಡ್ಡಿನ ಟಿಕೆಟ್ಟು. ಊರಿನಲ್ಲಿದ್ದರೆ 2023ರ ಜೂನ್‌ನಿಂದ ನಡೆಯುತ್ತಿರುವ ಶಕ್ತಿ ಯೋಜನೆಯಲ್ಲಿ ಇವಳೂ ಪುಕ್ಕಟೆ ಓಡಾಡಬಹುದಿತ್ತು. ಆಧಾರ್ ವಿಳಾಸ ಬದಲಿಸಿದರೆ ಇಲ್ಲಿ ತಿಂಗಳಿಗೆ 1,200 ಉಳಿಯುತ್ತದೆ, ಅಲ್ಲಿ ಶಕ್ತಿ ಹೋಗುತ್ತದೆ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುವವಳಿಗೆ ಲೆಕ್ಕ ಸುಲಭ. ಆದರೂ ಅವಳು ಬದಲಿಸಲಿಲ್ಲ. ಬದಲಿಸಿದರೆ ತಾನು ಇಲ್ಲಿಯವಳೇ ಆಗಿಬಿಡುತ್ತೇನೇನೋ ಎಂಬ ಅಳುಕು.

ಆ ಬಸ್ಸಿನ ದಾರಿಯಿಂದ ಸ್ವಲ್ಪ ಒಳಕ್ಕೆ ಕಾಪುಲುಪ್ಪಾಡ. 2025ರಲ್ಲಿ ಆಂಧ್ರ ಸರ್ಕಾರ ಅಲ್ಲಿ ಕಾಗ್ನಿಜೆಂಟ್ ಕಂಪನಿಗೆ 21.31 ಎಕರೆ ಭೂಮಿಯನ್ನು ಎಕರೆಗೆ 99 ಪೈಸೆಯಂತೆ ಕೊಡಲು ಒಪ್ಪಿತು. ಅದಕ್ಕೆ ಒಂದು ವರ್ಷ ಮುಂಚೆ ಇದೇ ಕಂಪನಿ ಹೊಸಬರಿಗೆ ವರ್ಷಕ್ಕೆ 2.52 ಲಕ್ಷ ಎಂದು ಪ್ರಕಟಿಸಿ ದೇಶದ ಹುಡುಗರಿಂದ ನಗೆಗೀಡಾಗಿತ್ತು. ಅದು ಮೂರು ವರ್ಷದ ಪದವಿಯವರಿಗೆ, ಎಂಜಿನಿಯರುಗಳಿಗೆ ನಾಲ್ಕು ಲಕ್ಷದಿಂದ ಶುರು ಎಂದು ಕಂಪನಿ ಆಮೇಲೆ ವಿವರಿಸಿತು. ವಿವರಣೆ ಸರಿಯೇ ಇರಬಹುದು. ಆದರೆ ಹದಿನೈದು ವರ್ಷದ ಹಿಂದೆಯೂ ದೊಡ್ಡ ಕಂಪನಿಗಳ ಆರಂಭದ ಸಂಬಳ ಮೂರು ಲಕ್ಷ ಚಿಲ್ಲರೆಯೇ ಇತ್ತು. ಇನ್ಫೋಸಿಸ್‌ನಲ್ಲಿ ಹಣಕಾಸು ನೋಡಿಕೊಂಡಿದ್ದ ಮೋಹನ್‌ದಾಸ್ ಪೈ ಅಂಥವರೇ ಇದನ್ನು ಮತ್ತೆಮತ್ತೆ ಟೀಕಿಸಿದ್ದಾರೆ. 2012ನ್ನು 100 ಎಂದು ಹಿಡಿದ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಗೆ 190 ದಾಟಿತ್ತು. ಅಕ್ಕಿ, ಬಾಡಿಗೆ ಏರಿದವು. ಆಫರ್ ಲೆಟರ್ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಹಾಗಾದರೆ ಹುಡುಗರು ಬದುಕುವುದು ಹೇಗೆ? ಭೀಮಿಲಿಯಲ್ಲಿ ಡಚ್ಚರ ಹಳೆಯ ಸಮಾಧಿಗಳಿವೆ. 17ನೇ ಶತಮಾನದಲ್ಲಿ ಅವರು ವ್ಯಾಪಾರಕ್ಕೆಂದು ನೆಲೆನಿಂತ ಊರು ಅದು. ಆ ಕಾಲದ ಕಂಪನಿಗಳದ್ದೂ ಇದೇ ಪದ್ಧತಿ. 1744ರಲ್ಲಿ ಮದ್ರಾಸಿಗೆ ಬಂದ ರಾಬರ್ಟ್ ಕ್ಲೈವ್‌ಗೆ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಗುಮಾಸ್ತಿಕೆಗೆ ನಿಗದಿ ಮಾಡಿದ್ದ ಸಂಬಳ ವರ್ಷಕ್ಕೆ ಐದು ಪೌಂಡು. ಅಷ್ಟರಲ್ಲಿ ಯಾರೂ ಬದುಕಲಾರರೆಂದು ಕಂಪನಿಗೂ ಗೊತ್ತಿತ್ತು. ಉಳಿದದ್ದನ್ನು ಗುಮಾಸ್ತರು ಸ್ವಂತ ವ್ಯಾಪಾರದಿಂದ ದುಡಿದುಕೊಳ್ಳುತ್ತಿದ್ದರು, ಅದರ ಭಾರ ಈ ನೆಲದವರ ಮೇಲೆ ಬೀಳುತ್ತಿತ್ತು. ಕಡಿಮೆ ಸಂಬಳ ನಡೆಯುತ್ತದೆ ಎಂದರೆ ಉಳಿದದ್ದನ್ನು ಇನ್ನಾರೋ ತುಂಬುತ್ತಿದ್ದಾರೆ ಎಂದೇ ಅರ್ಥ.

ಇವಳ ವಿಷಯದಲ್ಲಿ ಆ ಇನ್ನಾರೋ ಯಾರು ಎಂಬುದು ಒಂದು ನೋಟ್‌ಬುಕ್ಕಿನಲ್ಲಿತ್ತು. ಎಡ ಪುಟದಲ್ಲಿ ಖರ್ಚು: ಬಾಡಿಗೆ 3,500, ಊಟಕ್ಕೆ 4,500, ಬಸ್ಸಿಗೆ 1,200, ಇತರೆ 2,000, ಮನೆಗೆ ಕಳಿಸಿದ್ದು 5,000. ಬಲ ಪುಟದಲ್ಲಿ ಮನೆಯಿಂದ ಬಂದದ್ದು: ಕೋಣೆಯ ಅಡ್ವಾನ್ಸಿನ ಪಾಲು 7,000; ಮೊದಲ ಸಂಬಳ ಬರುವ ತನಕದ ಖರ್ಚಿಗೆ 6,500; ತಮ್ಮ ಹಾಕಿಸುತ್ತಿದ್ದ ಫೋನ್ ರೀಚಾರ್ಜು, ಆರು ಸಲಕ್ಕೆ 1,794; ಸೋನಾ ಮಸೂರಿ ಅಕ್ಕಿ ಐವತ್ತು ಕಿಲೋ, 2,900. ಅಕ್ಕಿಯ ಎರಡು ಚೀಲಗಳೂ ಬಳ್ಳಾರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ, ವಿಜಯವಾಡದಲ್ಲಿ ರೈಲು ಬದಲಿಸಿ ಬಂದಂಥವು. ಎರಡನೆಯದನ್ನು, ಕೂಲಿಯವನಿಗೆ ದುಡ್ಡು ಕೊಡಲು ಮನಸ್ಸಾಗದೆ, ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ಅವಳೇ ಎಳೆದಿದ್ದಳು. ಆರು ತಿಂಗಳಿಗೆ ಬಲ ಪುಟದ ಮೊತ್ತ 18,194. ಹೆಚ್ಚುಕಡಿಮೆ ಒಂದು ತಿಂಗಳ ಸಂಬಳವನ್ನು ಕಂಪನಿಯ ಪರವಾಗಿ ಸಿರುಗುಪ್ಪದ ಭತ್ತದ ಗದ್ದೆ ಕೊಟ್ಟಿತ್ತು.

ಕೈಯಲ್ಲಿ ತಿಂಗಳಿಗೆ 3,660 ಉಳಿಯುತ್ತಿತ್ತು. ಹೀಗೇ ದಿನ ನೂಕಬಹುದಿತ್ತು, ಶಿಕ್ಷಣ ಸಾಲ ಇಲ್ಲದಿದ್ದರೆ. ಓದು ಮುಗಿದು ಒಂದು ವರ್ಷಕ್ಕೆ, ಅಂದರೆ 2026ರ ಜೂನ್‌ಗೆ, ಕಂತು ಶುರು. ನಾಲ್ಕು ಲಕ್ಷಕ್ಕೆ ಶೇ. 10 ಬಡ್ಡಿ, ಹತ್ತು ವರ್ಷ ಎಂದರೆ, ಓದುವಾಗ ಬೆಳೆದ ಬಡ್ಡಿ ಬಿಟ್ಟೂ, ತಿಂಗಳಿಗೆ ಸುಮಾರು 5,300. ತಿಂಗಳಿಗೆ 1,640 ಕಡಿಮೆ ಬೀಳುತ್ತದೆ. ಜೂನ್ ಎಂದರೆ ಪಿಯುಸಿ ಮುಗಿಸಿದ ತಮ್ಮನನ್ನು ಕಾಲೇಜಿಗೆ ಸೇರಿಸುವ ಹೊತ್ತು ಕೂಡ. ಅಕ್ಕನ 24,000ದ ಮೇಲೆ ಅಪ್ಪ ಅವನಿಗೆ ಮಾತು ಕೊಟ್ಟಾಗಿತ್ತು.

ಯುಗಾದಿಗೆ ಊರಿಗೆ ಹೋದವಳು ಊಟವಾದ ಮೇಲೆ ಸಂಬಳದ ಚೀಟಿಯನ್ನೂ ನೋಟ್‌ಬುಕ್ಕನ್ನೂ ತೆಗೆದಿಟ್ಟು ಓದಿ ಹೇಳಿದಳು. ಇನ್ನು ಮನೆಗೆ ಕಳಿಸುವುದು ಆಗಲಿಕ್ಕಿಲ್ಲ ಎಂದಳು. ಅವ್ವ, "ಮೊದಲೇ ಹೇಳಬಾರದಿತ್ತೇನವ್ವಾ" ಎಂದು ಒಳಗೆ ಹೋದಳು. ತಮ್ಮ ಫೋನು ನೋಡುತ್ತಾ ಕೂತ. ಅಪ್ಪ ನೋಟ್‌ಬುಕ್ ತಗೊಂಡು ಬಲ ಪುಟದ ಮೇಲೆ ಬೆರಳಿಟ್ಟ.

"ಅಕ್ಕಿ ಏನ್ ರೇಟು ಬರದೀಯವ್ವಾ?"

"ಭೀಮಿಲಿ ಅಂಗಡಿ ರೇಟಪ್ಪಾ. ಕಿಲೋಕ್ಕ ಐವತ್ತೆಂಟು."

"ಭತ್ತಕ್ಕ ನಮಗ ಇಪ್ಪತ್ಮೂರು ಸಿಕ್ಕರ ದೊಡ್ಡದು" ಎಂದ ಅಪ್ಪ. ಪೆನ್ನು ಕೇಳಿ ತಗೊಂಡ. ಆದರೆ 2,900 ಎಂಬುದನ್ನು ತಿದ್ದಲಿಲ್ಲ. ಅದರ ಕೆಳಗೆ ಜೂನ್ ಎಂದು ಬರೆದು, ಮುಂದೆ 1,640 ಎಂದು ಹಾಕಿದ.