ಪೆರೋನ್: ಒಂದು ಕಲ್ಲಿನ ಪ್ರವಾಸ

ಕನ್ನಡ ನುಡಿಯ ವಿದ್ಯಾರ್ಥಿಗೆ ಬಾಸೆಲ್ ನಗರವು ಒಂದು ಬಗೆಯ ತೀರ್ಥಕ್ಷೇತ್ರ. ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಪಾದ್ರಿಗಳನ್ನು ಕಳುಹಿಸಿದ ಊರು ಅದು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್, ೧೮೯೪ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್, ಇಬ್ಬರೂ ಅಲ್ಲಿನ ಮಿಷನ್ನಿಗೆ ಸೇರಿದವರು. ಆ ಮಿಷನ್ನಿನ ಹಳೆಯ ಕಾಗದಪತ್ರಗಳನ್ನು ಕಣ್ಣಾರೆ ಕಾಣಬೇಕೆಂಬುದು ನನ್ನ ಬಹುದಿನದ ಹಂಬಲ. ಅಂಥ ಊರಿನಲ್ಲಿ, ಕಾಲಿಟ್ಟ ಮೊದಲ ಗಳಿಗೆಯಲ್ಲೇ, ನಿಘಂಟನ್ನು ನಂಬಿ ನಾನು ಮೋಸಹೋದೆನೆಂದರೆ ವಾಚಕರು ನಗಬಹುದು. ನಗಲಿ, ನಡೆದುದನ್ನು ಹೇಳುತ್ತೇನೆ.

ಪತ್ರವ್ಯವಹಾರದಿಂದ ಪರಿಚಿತರಾಗಿದ್ದ ಅಲ್ಲಿನ ನಿವೃತ್ತ ಉಪಾಧ್ಯಾಯರೊಬ್ಬರು ನನ್ನನ್ನು ಮಿಷನ್ ಭವನಕ್ಕೆ ಕರೆದೊಯ್ಯಲು ಒಪ್ಪಿದ್ದರು. ಎಂಬತ್ತರ ಅಂಚಿನಲ್ಲಿದ್ದ ಹಿರಿಯರು. ಅವರ ಪತ್ರವು ಇಂಗ್ಲಿಷಿನಲ್ಲಿತ್ತು, ಒಂದು ಪದ ಮಾತ್ರ ಬೇರೆ: “ಪೆರೋನ್ ಮೇಲೆ ನಿಮಗಾಗಿ ಕಾದಿರುತ್ತೇನೆ.” ಪದವನ್ನು ಕಂಡು ನನಗೆ ಹಿಗ್ಗಾಯಿತು. ಬೆಂಗಳೂರಿನ ಸಂಜೆಯ ತರಗತಿಗಳಲ್ಲಿ ಎರಡು ವರ್ಷ ಫ್ರೆಂಚ್ ಕಲಿತವನು ನಾನು. ‘ಪೆರೋನ್’ ಎಂದರೆ ಭವನದ ಮುಂಬಾಗಿಲಿಗೆ ಏರುವ ಕಲ್ಲಿನ ಸೋಪಾನ, ಅದರ ತುದಿಯ ಜಗಲಿ. ಪ್ಯಾರಿಸಿನ ಎಲಿಜೆ ಅರಮನೆಯಲ್ಲಿ ಫ್ರಾನ್ಸಿನ ಅಧ್ಯಕ್ಷರು ವಿದೇಶಿ ಅತಿಥಿಗಳನ್ನು ಸ್ವಾಗತಿಸುವುದು ಪೆರೋನಿನ ಮೇಲೆಯೇ.

ಪ್ಯಾರಿಸಿನಿಂದ ಹೊರಟ ಗಾಡಿ ಮೂರು ಗಂಟೆಗಳಲ್ಲಿ ಬಾಸೆಲ್ ತಲುಪಿತು. ಜನವರಿ ತಿಂಗಳು, ಉಸಿರೆಲ್ಲ ಹೊಗೆಯಾಗುವ ಚಳಿ. ನಾನು ಅತ್ತಿತ್ತ ನೋಡದೆ ಜನಸಂದಣಿಯೊಡನೆ ಹೊರಗೆ ಬಂದು, ನಿಲ್ದಾಣದ ಮುಂಬಾಗಿಲ ಬಳಿ ನಿಂತೆ. ಸೋಪಾನವೆನ್ನುವಂಥದು ಅಲ್ಲಿ ಕಣ್ಣಿಗೆ ಬೀಳಲಿಲ್ಲ. ಆದರೂ ನಿಘಂಟಿನ ಮೇಲಿನ ಭಕ್ತಿ ಸಡಿಲಲಿಲ್ಲ. ಜೇಬಿನಲ್ಲಿದ್ದ ಮೊಬೈಲು ಆ ನಾಡಿಗೆ ಒಗ್ಗದೆ ಮೂಕವಾಗಿತ್ತು. ಟ್ರಾಮುಗಳು ಬಂದವು, ಹೋದವು. ನಲವತ್ತು ನಿಮಿಷಗಳಾದ ಮೇಲೆ ಬೇರೆ ದಾರಿ ಕಾಣದೆ, ಇಳಿದ ಸ್ಥಳಕ್ಕೇ ಹಿಂದಿರುಗಿದೆ. ಅಲ್ಲಿ, ಖಾಲಿಯಾದ ಪ್ಲಾಟ್‌ಫಾರಮಿನ ಬೆಂಚಿನ ಮೇಲೆ, ಊರುಗೋಲನ್ನು ಮೊಣಕಾಲಿಗೆ ಒರಗಿಸಿಕೊಂಡು, ನನ್ನ ಹೆಸರು ಬರೆದ ರಟ್ಟನ್ನು ಎರಡೂ ಕೈಗಳಲ್ಲಿ ಹಿಡಿದು ಆ ಹಿರಿಯರು ಕುಳಿತಿದ್ದರು. ಕೈ ಕುಲುಕಿದಾಗ ಅವರ ಬೆರಳುಗಳು ಮಂಜುಗಡ್ಡೆಯಂತಿದ್ದವು. ನಾಚಿಕೆಯಿಂದ ನನ್ನ ಮುಖ ಕುಗ್ಗಿತು.

ಕಾರಣವನ್ನು ತಿಳಿದು ಅವರು ಬಾಯ್ತುಂಬ ನಕ್ಕರು. “ನೀವು ನಿಂತದ್ದು ಫ್ರಾನ್ಸಿನ ಪೆರೋನಿನಲ್ಲಿ, ನಾನು ಕುಳಿತದ್ದು ಸ್ವಿಟ್ಜರ್ಲೆಂಡಿನ ಪೆರೋನಿನಲ್ಲಿ. ಇಬ್ಬರೂ ಮಾತು ತಪ್ಪಲಿಲ್ಲ!” ಎಂದರು.

ಬಾಸೆಲ್ ನಗರವು ರೈನ್ ನದಿಯ ದಡದಲ್ಲಿ ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ಮೂರೂ ಕೂಡುವೆಡೆಯಲ್ಲಿದೆ. ಸ್ವಿಸ್ ನೆಲದ ಮೊದಲ ರೈಲು ಸ್ವಿಸ್ ಜನರದಲ್ಲ. ೧೮೪೪ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ ಕಡೆಯಿಂದ ಈ ಊರಿಗೆ ಬಂದ ರೈಲು. ಮರುವರ್ಷ ಕೋಟೆಯೊಳಗೇ ನಿಲ್ದಾಣ ಕಟ್ಟಿದರು. ರೈಲು ನುಗ್ಗುವ ಹೆಬ್ಬಾಗಿಲನ್ನು ರಾತ್ರಿ ಮುಚ್ಚುತ್ತಿದ್ದರಂತೆ. ೧೮೫೫ರಲ್ಲಿ ಜರ್ಮನ್ ಕಡೆಯ ಬಾಡೆನ್ ರೈಲು ನದಿಯ ಆಚೆ ದಡಕ್ಕೆ ಬಂದಿತು. ಇಂದಿಗೂ ಸ್ವಿಸ್ ಮುಖ್ಯ ನಿಲ್ದಾಣದ ಒಂದು ಭಾಗ ಫ್ರೆಂಚ್ ರೈಲ್ವೆಯದು. ನದಿಯಾಚೆಯ ನಿಲ್ದಾಣ ಜರ್ಮನ್ ರೈಲ್ವೆಯದು. ಗಾಡಿ ಹತ್ತುವ ಕಟ್ಟೆಯೊಂದಕ್ಕೆ ಒಂದೇ ಊರಿನಲ್ಲಿ ಮೂರು ಹೆಸರು. ಫ್ರೆಂಚರಿಗೆ ಅದು ‘ಕೇ’. ಹಡಗು ನಿಲ್ಲುವ ದಕ್ಕೆಗೂ ಅವರಲ್ಲಿ ಅದೇ ಪದ. ಜರ್ಮನ್ನರಿಗೆ ‘ಬಾನ್‌ಷ್ಟೈಗ್’. ಜರ್ಮನ್ ಮಾತನಾಡುವ ಸ್ವಿಸ್ ಜನರಿಗೆ ಮಾತ್ರ ಅದು ಫ್ರೆಂಚರಿಂದ ಬಂದ ‘ಪೆರೋನ್’. ಕೊಟ್ಟವರು ಬಳಸದ ಅರ್ಥದಲ್ಲಿ ಪಡೆದವರು ಬಳಸುತ್ತಿರುವ ವಿಚಿತ್ರವಿದು.

ಪದದ ಮೂಲವು ಸರಳ. ಫ್ರೆಂಚಿನಲ್ಲಿ ‘ಪಿಯೆರ್’ ಎಂದರೆ ಕಲ್ಲು. ಅದರ ಹಿಂದೆ ಲ್ಯಾಟಿನಿನ, ಗ್ರೀಕಿನ ‘ಪೆತ್ರಾ’. ‘ಪೆರೋನ್’ ಎಂದರೆ ಹೆಗ್ಗಲ್ಲು. ಹೆಗ್ಗಲ್ಲು ಮೆಟ್ಟಿಲಾಯಿತು, ಮೆಟ್ಟಿಲು ಜಗಲಿಯಾಯಿತು. ಬೆಲ್ಜಿಯಮಿನ ಲಿಯೇಜ್ ನಗರದಲ್ಲಿ ಮಾತ್ರ ಅದು ಪೌರಸ್ವಾತಂತ್ರ್ಯದ ಕಲ್ಲುಕಂಬವಾಗಿ ನಿಂತಿತು. ೧೪೬೭ರಲ್ಲಿ ಬರ್ಗಂಡಿಯ ಚಾರ್ಲ್ಸ್ ಆ ನಗರವನ್ನು ಸೋಲಿಸಿದಾಗ ಜನರನ್ನು ಅವಮಾನಿಸಲೆಂದು ಪೆರೋನನ್ನು ಕಿತ್ತು ಬ್ರೂಜ್ ನಗರಕ್ಕೆ ಸಾಗಿಸಿದನು. ಅವನು ಸತ್ತ ಮೇಲೆ, ೧೪೭೮ರಲ್ಲಿ, ಅವನ ಮಗಳು ಮೇರಿ ಅದನ್ನು ಹಿಂದಿರುಗಿಸಿದಳು. ಲಿಯೇಜಿನ ಪೇಟೆಬೀದಿಯ ಚೌಕದಲ್ಲಿ ಕಾರಂಜಿಯ ಮೇಲೆ ನಿಂತ ಪೆರೋನನ್ನು ಇಂದಿಗೂ ನೋಡಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಿತು. ಗಾಡಿ ಏರಲು ಎತ್ತರದ ಕಟ್ಟೆ ಬೇಕಾಯಿತು. ಕಟ್ಟೆಗೊಂದು ಹೆಸರು ಬೇಕಾಯಿತು. ಜರ್ಮನ್, ಡಚ್, ಡೇನಿಷ್ ನುಡಿಗಳು ಅದನ್ನು ಪೆರೋನ್ ಎಂದವು. ಸ್ವೀಡನ್ನಿನವರು ‘ಪೆರೋಂಗ್’ ಎಂದರು. ಪೋಲೆಂಡ್, ಹಂಗೇರಿ, ರುಮೇನಿಯಗಳಲ್ಲಿ ಅದು ‘ಪೆರೋನ್’ ಆಗಿಯೇ ನೆಲಸಿತು. ರಷ್ಯದಲ್ಲಿ ರೈಲಿನಿಂದ ಇಳಿದು, ವಿಮಾನಗಳು ನಿಲ್ಲುವ ಅಂಗಳಕ್ಕೂ ಹಬ್ಬಿತು. ತುರ್ಕಿಯಲ್ಲಿ ಬಸ್ಸಿನ ಪ್ರಯಾಣಿಕನೂ ತನ್ನ ಚೀಟಿಯಲ್ಲಿ ಪೆರೋನಿನ ಸಂಖ್ಯೆಯನ್ನು ನೋಡಿಕೊಳ್ಳಬೇಕು.

ಹಾಗಾದರೆ ಜರ್ಮನಿಯಲ್ಲಿ ಪದವು ಮಾಯವಾದುದೇಕೆ? ೧೮೭೧ರಲ್ಲಿ ಫ್ರಾನ್ಸನ್ನು ಸೋಲಿಸಿ ಜರ್ಮನ್ ಸಾಮ್ರಾಜ್ಯವು ಒಂದಾದ ಮೇಲೆ ಅಲ್ಲಿ ನುಡಿಶುದ್ಧಿಯ ಉತ್ಸಾಹವು ಉಕ್ಕಿತು. ೧೮೮೦ರ ದಶಕದಲ್ಲಿ ಪ್ರಷ್ಯದ ನಿರ್ಮಾಣ ಇಲಾಖೆಯ ಅಧಿಕಾರಿ ಓಟೋ ಸಾರಾಜಿನ್ ರೈಲಿನ ಪರಿಭಾಷೆಯಿಂದ ಪರಪದಗಳನ್ನು ಕಳೆಯಲು ಹೊರಟರು. ‘ಪೆರೋನ್’ ಹೋಗಿ ‘ಬಾನ್‌ಷ್ಟೈಗ್’, ‘ಬಿಲ್ಲೆಟ್’ ಹೋಗಿ ‘ಫಾರ್‌ಕಾರ್ಟೆ’, ‘ಕೂಪೇ’ ಹೋಗಿ ‘ಆಪ್‌ಟೈಲ್’ ಬಂದವು. ಹೀಗೆ ಹೊರದೂಡಿದವರ ಮನೆತನದ ಹೆಸರಿಗೇ ಫ್ರೆಂಚಿನ ಛಾಯೆಯಿದ್ದುದು ಕಾಲದ ಕುಚೇಷ್ಟೆ. ಸ್ವಿಸ್ ಜನರಿಗೆ ಈ ಉತ್ಸಾಹ ತಗುಲಲಿಲ್ಲ. ಅವರು ಪೆರೋನನ್ನೂ ಬಿಲ್ಲೆಟ್ಟನ್ನೂ ಇರಗೊಟ್ಟರು. ಫ್ರೆಂಚ್ ಅವರ ಪಾಲಿಗೆ ಶತ್ರುವಿನ ಭಾಷೆಯಲ್ಲ, ತಮ್ಮ ನೆರೆಮನೆಯ ಬಂಧುಗಳ ಭಾಷೆ.

ಮಿಷನ್ ಭವನದಲ್ಲಿ ಎರಡು ದಿನ ಹಳೆಯ ಕಾಗದಗಳ ನಡುವೆ ಕಳೆದೆ. ದೂರದ ನಾಡಿಗೆ ಬಂದು, ಅಲ್ಲಿನ ಮಾತುಗಳನ್ನು ಬಾಳೆಲ್ಲ ಒಂದೊಂದಾಗಿ ಆಯ್ದ ಕಿಟ್ಟೆಲರ ತಾಳ್ಮೆಯು, ಒಂದೇ ಪದಕ್ಕೆ ಎಡವಿದ ನನಗೆ ಆಗ ಇನ್ನೂ ದೊಡ್ಡದಾಗಿ ಕಂಡಿತು.

ಹೊರಡುವ ದಿನ, ಬೇಡವೆಂದರೂ ಕೇಳದೆ, ಆ ಹಿರಿಯರು ನಿಲ್ದಾಣಕ್ಕೆ ಬಂದರು. “ನಿಮ್ಮ ಭಾಷೆಯಲ್ಲಿ ಇದಕ್ಕೇನೆನ್ನುತ್ತೀರಿ?” ಎಂದು ಊರುಗೋಲಿನಿಂದ ಕಾಲ ಕೆಳಗಿನ ನೆಲವನ್ನು ತಟ್ಟಿ ಕೇಳಿದರು.

“ಪ್ಲಾಟ್‌ಫಾರಂ. ಬೀಳ್ಕೊಡಲು ಬರುವವರು ನಮ್ಮಲ್ಲಿ ಪ್ಲಾಟ್‌ಫಾರಂ ಟಿಕೇಟು ಕೊಳ್ಳಬೇಕು,” ಎಂದೆ.

ಅವರ ಕಣ್ಣು ಮಿನುಗಿತು. “ಎರಡೂ ಫ್ರೆಂಚರವೇ!” ಎಂದರು. ನಿಜವೇ. ‘ಪ್ಲಾಟ್‌ಫಾರಂ’ ಎಂಬುದು ಫ್ರೆಂಚಿನ ‘ಚಪ್ಪಟೆ ಆಕಾರ’. ‘ಟಿಕೇಟು’ ಫ್ರೆಂಚಿನ ‘ಎತಿಕೆತ್’, ಅಂಟಿಸುವ ಚೀಟಿ. ಇಂಗ್ಲಿಷಿನ ಹೆಗಲೇರಿ ಇವು ನಮ್ಮ ಹಳ್ಳಿಗಳವರೆಗೂ ಬಂದಿವೆ. ಆಮೇಲೆ ನಾನು ‘ಕಟ್ಟೆ’ ಎಂಬ ನಮ್ಮ ಮಾತನ್ನು ಹೇಳಿದೆ: ಅರಳಿಯ ಮರದ ಸುತ್ತ ಕಲ್ಲಿನಿಂದ ಕಟ್ಟುತ್ತಾರೆ, ಊರವರು ಸಂಜೆ ಅಲ್ಲಿ ಕೂಡುತ್ತಾರೆ, ಬರುವವರನ್ನು ಕಾಯುತ್ತಾರೆ ಎಂದೆ. ಅವರು ‘ಕಟ್ಟೆ, ಕಟ್ಟೆ’ ಎಂದು ಎರಡು ಸಲ ನುಡಿದು ನೋಡಿದರು.

ಗಾಡಿ ಚಲಿಸಿತು. ಕಿಟಕಿಯ ಗಾಜಿನಾಚೆ ಅವರು ಕೋಲೂರಿ ನಿಂತೇ ಇದ್ದರು. ಮುಂದಿನ ವರ್ಷದ ಕೊನೆಯಲ್ಲಿ ಅವರ ಮಗಳಿಂದ ಒಂದು ಪತ್ರ ಬಂದಿತು. ತಂದೆ ತೀರಿಕೊಂಡರೆಂದು ಎರಡೇ ಸಾಲು.

ಅಂದು ಸಂಜೆ ನನ್ನ ಫ್ರೆಂಚ್ ನಿಘಂಟನ್ನು ತೆರೆದೆ. ಪೆರೋನ್ ಎಂಬುದರ ಮುಂದೆ ಸೋಪಾನ, ಜಗಲಿ ಎಂಬ ಅರ್ಥಗಳಿದ್ದವು. ಅವುಗಳ ಕೆಳಗೆ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡೆ: ‘ಕಾಯುವ ಕಟ್ಟೆ, ಬಾಸೆಲಿನಲ್ಲಿ.’